ಬಾಗಲಕೋಟೆ ಗುಡ್ಡ ಏರಿದ ಬಗೆ

ಬಾಗಲಕೋಟೆಯಲ್ಲಿ ಮನೆಯ ಗುರುತು ಹೇಳುವಾಗ ಓಣಿಯ ಹೆಸರಿನ ಬೆನ್ನಿಗೆ ಒಂದು ಅಂಕಿಯೂ ಬರುತ್ತದೆ. ‘ನಮ್ದು 521ರಾಗ ಹೋತು.’ ‘ಕಾಕಾರದು 523ರಾಗ ಬಂತು.’ ‘ನಾವಿನ್ನಾ 525ರಾಗ ಅದೀವಿ, ಯಾವಾಗ ಎಬ್ಬಸ್ತಾರೋ ಗೊತ್ತಿಲ್ಲ.’ ಸಮುದ್ರಮಟ್ಟದಿಂದ ಅಳೆದ ಈ ಮೀಟರುಗಳು ಇಲ್ಲಿನ ಕಿರಾಣಿ ಅಂಗಡಿಯವರ, ನೇಕಾರರ, ಕಟ್ಟೆಯ ಮೇಲೆ ಕೂತ ಹಿರಿಯರ ಬಾಯಲ್ಲಿ ಸಲೀಸಾಗಿ ಓಡಾಡುತ್ತವೆ. ಆಲಮಟ್ಟಿ ಜಲಾಶಯದ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಮನೆ ಯಾವ ಸುತ್ತಿನಲ್ಲಿ ಸ್ವಾಧೀನವಾಗುತ್ತದೆ, ಯಾರಿಗೆ ಹೊಸ ಊರಿನ ಯಾವ ಯೂನಿಟ್ಟಿನಲ್ಲಿ, ಅಂದರೆ ಯಾವ ಹಂತದ ಬಡಾವಣೆಯಲ್ಲಿ, ಸೈಟು ಸಿಗುತ್ತದೆ ಎಂಬುದೆಲ್ಲ ಈ ಅಂಕಿಯನ್ನೇ ಅವಲಂಬಿಸಿದೆ.

ಊರಿನ ಸಿರಿವಂತಿಕೆಯೂ ಹಾಗೆಯೇ. ತಗ್ಗಿನಲ್ಲಿ ಘಟಪ್ರಭೆಯ ಹಿನ್ನೀರಿಗೆ ಅಂಟಿಕೊಂಡ ಹಳೆ ಊರು, ಅಲ್ಲಿಂದ ಏರುತ್ತ ಬಂದರೆ ವಿದ್ಯಾಗಿರಿ, ಇನ್ನೂ ಮುಂದೆ ಎತ್ತರದಲ್ಲಿ ಸೆಕ್ಟರುಗಳ ನವನಗರ. ದೊಡ್ಡ ಕಾಂಪೌಂಡಿನ ಮನೆ, ಆಸ್ಪತ್ರೆ, ಕಾರು ನಿಲ್ಲಿಸಿದರೂ ಜಾಗ ಉಳಿಯುವ ರಸ್ತೆ ಮೇಲಿವೆ. ಬಾಡಿಗೆ ಕೋಣೆ, ಬಿರುಕು ಬಿಟ್ಟ ಗೋಡೆ, ತುಂಬಿ ನಿಂತ ಗಟಾರು ಕೆಳಗಿವೆ. ಗುಡ್ಡದ ಗಾಳಿ-ಬೆಳಕು ಚೆನ್ನಾಗಿದೆ, ಉಳ್ಳವರು ಅಲ್ಲಿಗೆ ಹೋದರು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಬಾಗಲಕೋಟೆಯ ಗುಡ್ಡ ಶ್ರೀಮಂತವಾದ ಕಥೆ ಬೇರೆ. ಪರಿಹಾರದ ಹಣ ಯಾರ ಕೈಗೆ, ಯಾವಾಗ, ಯಾವ ಕಾಗದದ ಮೇಲೆ ಬಂತು ಎಂಬುದೇ ಅದರ ಮೂಲ. ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ಮತ್ತೆ ಕಾವೇರಿದೆ. ಊರಿನ ಮೂರನೇ ಸ್ಥಳಾಂತರ ಎದುರಿಗಿದೆ. ಹಿಂದಿನ ಸುತ್ತುಗಳು ಊರನ್ನು ಹೇಗೆ ಮೇಲೆ-ಕೆಳಗೆ ಎಂದು ಸೀಳಿದವು ಎಂಬುದನ್ನು ಬಿಡಿಸಿ ನೋಡದೆ ಈ ಸುತ್ತಿಗೆ ಕೈ ಹಾಕಿದರೆ ಹಳೆಯ ತಪ್ಪು ಇನ್ನೂ ದೊಡ್ಡದಾಗಿ ಮರುಕಳಿಸುತ್ತದೆ.

ತಗ್ಗಿನ ಐದು ಪೇಟೆ

ಶಾಸನಗಳಲ್ಲಿ ಬಾಗಡಿಗೆ ಎಂದು ಬರುವ ಊರು ಇದು. ಆದಿಲ್‌ಶಾಹಿಗಳು, ಸವಣೂರ ನವಾಬರು, ಪೇಶ್ವೆಗಳು ಎಂದು ಕೈಬದಲಾಗುತ್ತ 1818ರಲ್ಲಿ ಬ್ರಿಟಿಷರ ಪಾಲಾಯಿತು. ಆಳಿದವರು ಯಾರೇ ಇರಲಿ, ಊರನ್ನು ಕಟ್ಟಿದ್ದು ವ್ಯಾಪಾರ. ಹತ್ತಿ, ಜೋಳ, ನೇಯ್ಗೆ, ಬಂಗಾರದ ಕೆಲಸ ಒಂದರ ಪಕ್ಕ ಒಂದು ಬೆಳೆದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಗದಗ-ಹೋಟಗಿ ರೈಲುಮಾರ್ಗ ಬಂದ ಮೇಲೆ ಸೊಲ್ಲಾಪುರದ ಕಡೆಯ ವಹಿವಾಟು ಇನ್ನಷ್ಟು ಹತ್ತಿರವಾಯಿತು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಪೇಟೆಗಳಲ್ಲಿ ಅಂಗಡಿ ಮುಂದೆ, ಮನೆ ಹಿಂದೆ. ದಿವಾನಖಾನೆಯಲ್ಲಿ ಕೂತು ಲೆಕ್ಕ ಬರೆಯುವವನಿಗೆ ಬೀದಿಯಲ್ಲಿ ಹೋಗುವ ಗಿರಾಕಿ ಕಾಣಬೇಕು. ಊರಿನ ವಿನ್ಯಾಸದ ಮೂಲಸೂತ್ರ ಇಷ್ಟೇ ಆಗಿತ್ತು. ಹೋಳಿಯಲ್ಲಿ ಹಲಗಿ ಬಾರಿಸುತ್ತ, ಬಂಡಿಯ ಮೇಲೆ ಬಣ್ಣದ ಪೀಪಾಯಿ ಇಟ್ಟುಕೊಂಡು ಪೇಟೆಯಿಂದ ಪೇಟೆಗೆ ಹೋಗಿ ಎರಚಾಡುವ ಬಣ್ಣದ ಬಂಡಿಯ ಸಂಪ್ರದಾಯ ಇಂದಿಗೂ ಈ ಐದು ಹೆಸರುಗಳ ಮೇಲೆಯೇ ನಡೆಯುತ್ತದೆ. ಎರಡು ಎತ್ತಿನ ಬಂಡಿ ಎದುರುಬದುರಾದರೆ ಒಂದು ನಿಲ್ಲಲೇಬೇಕಾದಷ್ಟು ಕಿರಿದಾದ ಓಣಿಯಲ್ಲಿ ಹುಟ್ಟಿದ ಆಟ ಅದು.

ಮನೆಗಳ ರಚನೆಯನ್ನೂ ಒಮ್ಮೆ ನೋಡಬೇಕು, ಮುಂದಿನ ಮಾತಿಗೆ ಅದು ಬೇಕು. ಗೋಡೆ ಎರಡರಿಂದ ಎರಡೂವರೆ ಅಡಿ ದಪ್ಪ, ಕಲ್ಲಿಗೆ ಮಣ್ಣಿನ ಗಾರೆ. ಮೇಲೆ ಕಟ್ಟಿಗೆಯ ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದಿ. ನಡುವೆ ಬೆಳಕು-ಹೊಗೆಗೆ ಗವಾಕ್ಷಿ. ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಮೇಲೆ ಕರ್ಲಮಣ್ಣು ಹಾಕಿ ತುಳಿಯಬೇಕು. ಮನೆಯೊಳಗೋ ಅಂಗಳದಲ್ಲೋ ಜೋಳ ತುಂಬಿಡುವ ನೆಲದಡಿಯ ಹಗೇವು. ಈ ಮನೆ ಬಿಸಿಲಿಗೆ ಹೇಳಿ ಮಾಡಿಸಿದ್ದು. ಏಪ್ರಿಲಿನಲ್ಲಿ ಹೊರಗೆ ನಲವತ್ತು ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ತಂಪು. ಆದರೆ ಅಡಿಪಾಯಕ್ಕೆ ನೀರು ತಾಗಿದರೆ ಈ ಗೋಡೆ ನಿಲ್ಲುವುದಿಲ್ಲ. ಮಣ್ಣಿನ ಗಾರೆ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತದೆ. ನೆಲದಿಂದ ಮೂರು-ನಾಲ್ಕು ಅಡಿ ಎತ್ತರದವರೆಗೆ ಗಿಲಾವು ಉಬ್ಬಿ, ಬಿಳಿ ಉಪ್ಪು ಹೊರಬಂದು, ಹಪ್ಪಳದಂತೆ ಉದುರುತ್ತದೆ. ಹಿನ್ನೀರಿನ ಅಂಚಿನಲ್ಲಿ, ಸರ್ಕಾರದ ಲೆಕ್ಕದಲ್ಲಿ ಇನ್ನೂ ಮುಳುಗದ ಮನೆಗಳ ಗೋಡೆಯ ಮೇಲಿನ ಆ ಬಿಳಿ ಗೆರೆಯೇ ನಿಜವಾದ ಮುಳುಗಡೆ ಗಡಿ. ನೀರು ಹೊಸ್ತಿಲು ದಾಟಬೇಕೆಂದೇನಿಲ್ಲ, ನೆಲದಡಿಯ ನೀರು ಏರಿದರೆ ಸಾಕು, ಮನೆ ಒಳಗಿನಿಂದಲೇ ಸವೆಯುತ್ತದೆ.

ಮೊದಲು ಏರಿದ್ದು ಶಾಲೆ

ಗುಡ್ಡದ ಕಡೆ ಮೊದಲ ಹೆಜ್ಜೆ ಇಟ್ಟದ್ದು ಶಿಕ್ಷಣ. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದ ಸಂಸ್ಥೆಗಳು ಊರ ಹೊರಗಿನ ಎತ್ತರದಲ್ಲಿ ಬೆಳೆದವು. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾದಾಗ ಆಲಮಟ್ಟಿಗೆ ಶಂಕುಸ್ಥಾಪನೆಯೂ ಆಗಿರಲಿಲ್ಲ, ಅದು 1964ರಲ್ಲಿ ಆದದ್ದು. ವಿದ್ಯಾಗಿರಿ ಎಂಬ ಹೆಸರು ಬಂದದ್ದು ಈ ಕಾಲೇಜುಗಳಿಂದ. ಪ್ರಾಧ್ಯಾಪಕರ ಮನೆ, ವಿದ್ಯಾರ್ಥಿಗಳ ಹಾಸ್ಟೆಲು, ನಂತರ ವೈದ್ಯರು, ವಕೀಲರು, ಗುತ್ತಿಗೆದಾರರು ಎಂದು ಬಡಾವಣೆ ತನ್ನಷ್ಟಕ್ಕೆ ತುಂಬಿಕೊಂಡಿತು. ಪೇಟೆಯ ಮನೆಗೂ ಇಲ್ಲಿನ ಮನೆಗೂ ದೊಡ್ಡ ವ್ಯತ್ಯಾಸ ಒಂದು. ಇಲ್ಲಿ ಮನೆಯ ಮುಂದೆ ಅಂಗಡಿ ಇಲ್ಲ, ಗೇಟು ಇದೆ. ತಿಂಗಳ ಸಂಬಳದ ಮೇಲೆ ಬದುಕುವವರಿಗೆ ಬೀದಿಯ ಗಿರಾಕಿ ಬೇಕಾಗಿರಲಿಲ್ಲ. ಮೇಲಿನ ಬಾಗಲಕೋಟೆಯ ರೂಢಿ ಇಲ್ಲಿಂದ ಶುರುವಾಯಿತು. ನವನಗರ ಬಂದಾಗ ಹಣ ಇದ್ದವರು ನಕಲು ಮಾಡಿದ್ದು ವಿದ್ಯಾಗಿರಿಯ ಮನೆಯನ್ನೇ ಹೊರತು ಜೈನಪೇಟೆಯ ಮನೆಯನ್ನಲ್ಲ.

ನವನಗರದ ನಕ್ಷೆ

ಸ್ಥಳಾಂತರಕ್ಕೆಂದೇ 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಜನ ಈಗಲೂ ಬಿಟಿಡಿಎ ಎಂದೇ ಕರೆಯುತ್ತಾರೆ. ಹೊಸ ಊರಿನ ನಕ್ಷೆಗೆ ದೇಶದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರನ್ನು ಕರೆಸಲಾಯಿತು. ಬಿಸಿಲೂರಿನಲ್ಲಿ ಬಯಲೂ ಮನೆಯ ಒಂದು ಕೋಣೆಯೇ, ಮನೆ ಕುಟುಂಬದ ಜೊತೆ ಹಂತಹಂತವಾಗಿ ಬೆಳೆಯಬೇಕು ಎಂದು ನಂಬಿದವರು ಅವರು. ಹಳೆ ಊರಿನ ಅಂಗಳ, ಕಟ್ಟೆ, ಓಣಿಗೆ ಈ ವಿಚಾರ ಹತ್ತಿರದ್ದೇ ಆಗಿತ್ತು. ಆದರೆ ನೆಲದ ಮೇಲೆ ಉಳಿದದ್ದು ಸೆಕ್ಟರು, ಅಗಲ ರಸ್ತೆ, ಸೈಟಿನ ಸಾಲು. ಕಟ್ಟುವವರು ಕಾಂಪೌಂಡು ಹಾಕಿ ನಡುವೆ ಆರ್‌ಸಿಸಿ ಮನೆ ನಿಲ್ಲಿಸಿದರು, ಅಂಗಳ ಹೋಯಿತು.

ಇನ್ನೂ ದೊಡ್ಡ ಪೆಟ್ಟು ಹಂಚಿಕೆಯಲ್ಲಿ ಬಿತ್ತು. ಕಳೆದುಕೊಂಡ ಆಸ್ತಿಯ ಅಳತೆ ನೋಡಿ ಸೈಟಿನ ಅಳತೆ ಗೊತ್ತುಮಾಡಿದರು. ದೊಡ್ಡ ಸೈಟುಗಳ ಸಾಲು ಒಂದು ಕಡೆ, ಸಣ್ಣ ಸೈಟುಗಳ ಸಾಲು ಇನ್ನೊಂದು ಕಡೆ. ಕಾಗದದ ಮೇಲೆ ಇದು ನ್ಯಾಯವೇ. ಆದರೆ ಹಳೆ ಓಣಿಯಲ್ಲಿ ದೊಡ್ಡ ವಾಡೆಯ ಪಕ್ಕದಲ್ಲೇ ಮಗ್ಗದ ಮನೆ ಇತ್ತು. ವಾಡೆಯ ಸಾಲ, ಮಗ್ಗದ ಸೀರೆ, ಎದುರು ಮನೆಯ ಹಾಲು, ಮೂಲೆಯ ದರ್ಜಿ ಎಲ್ಲ ನೂರು ಹೆಜ್ಜೆಯೊಳಗೆ ಮುಗಿಯುತ್ತಿತ್ತು. ಅಳತೆವಾರು ಹಂಚಿದ ಮೇಲೆ ಈ ನಂಟು ಹರಿಯಿತು. ಒಂದೇ ಓಣಿಯವರು ಐದಾರು ಸೆಕ್ಟರುಗಳಿಗೆ ಚೆದುರಿದರು. ವರ್ಗಭೇದ ಹಳೆ ಊರಿನಲ್ಲೂ ಇತ್ತು, ಆದರೆ ಅದು ಒಂದೇ ಬೀದಿಯಲ್ಲಿ ಇತ್ತು. ಹೊಸ ಊರಿನಲ್ಲಿ ಅದಕ್ಕೆ ಸೆಕ್ಟರ್ ನಂಬರು ಬಂತು.

ಹಣದ ಲೆಕ್ಕ ಇನ್ನೊಂದು. ಮೊದಲ ಸುತ್ತುಗಳ ಸ್ವಾಧೀನ ನಡೆದದ್ದು 1894ರ ಭೂಸ್ವಾಧೀನ ಕಾಯ್ದೆಯ ಅಡಿ. ಅಧಿಕಾರಿ ಕೊಟ್ಟ ಅವಾರ್ಡು, ಅಂದರೆ ಗೊತ್ತುಮಾಡಿದ ಪರಿಹಾರ, ಕಡಿಮೆ ಎನಿಸಿದರೆ ಗಡುವಿನೊಳಗೆ ಕಲಂ 18ರ ಪ್ರಕಾರ ಕೋರ್ಟಿಗೆ ಹೋಗಲು ಅವಕಾಶ ಇತ್ತು. ಅದಕ್ಕೊಂದು ಷರತ್ತು. ಹಣ ತೆಗೆದುಕೊಳ್ಳುವಾಗ ‘ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದಿರಬೇಕು. ಆ ಒಂದು ಸಾಲು ಬರೆಯದೆ ಸಹಿ ಹಾಕಿದವರಿಗೆ ಬಾಗಿಲು ಮುಚ್ಚಿತು. ಬೇರೆಯವರ ಕೇಸಿನಲ್ಲಿ ಬೆಲೆ ಏರಿದರೆ ಅದೇ ಅಧಿಸೂಚನೆಯ ಇತರರು ಮೂರು ತಿಂಗಳೊಳಗೆ ಕಲಂ 28ಎ ಅಡಿ ಅರ್ಜಿ ಹಾಕಬಹುದಿತ್ತು. ಅದೂ ಗೊತ್ತಿದ್ದವರಿಗೆ ಮಾತ್ರ. ವಕೀಲರ ಪರಿಚಯ, ಸಿಟಿಎಸ್ ಉತಾರಿಯಲ್ಲಿ (ನಗರ ಸರ್ವೆಯ ಆಸ್ತಿ ದಾಖಲೆಯಲ್ಲಿ) ತಮ್ಮದೇ ಹೆಸರು, ಕೋರ್ಟಿಗೆ ಓಡಾಡುವ ಬಿಡುವು ಮೂರೂ ಇದ್ದವರಿಗೆ ಹೆಚ್ಚುವರಿ ಪರಿಹಾರ ಬಂತು. ಆ ಹಣ ಎರಡನೇ ಸೈಟು ಕೊಂಡಿತು, ವಾಣಿಜ್ಯ ಮಳಿಗೆ ಕಟ್ಟಿತು. ಅಜ್ಜನ ಹೆಸರಿನಲ್ಲೇ ಉಳಿದ ಉತಾರಿ, ಬಾಯಿಮಾತಿನಲ್ಲೇ ಮುಗಿದ ವಾಟಣಿ (ಆಸ್ತಿ ಪಾಲು), ಅಣ್ಣ-ತಮ್ಮಂದಿರ ತಕರಾರು ಇದ್ದ ಮನೆಗಳ ಹಣ ಕೋರ್ಟಿನಲ್ಲಿ ಕೊಳೆಯಿತು. ಕೈಗೆ ಬರುವ ಹೊತ್ತಿಗೆ ಅದೇ ಹಣಕ್ಕೆ ಅರ್ಧ ಮನೆಯೂ ಏಳುತ್ತಿರಲಿಲ್ಲ. ಸಣ್ಣ ಸೈಟಿನ ಹಕ್ಕುಪತ್ರವನ್ನು ಸಿಕ್ಕ ಬೆಲೆಗೆ ಮಾರಿ ಹಳೆ ಊರಿನಲ್ಲೇ ಬಾಡಿಗೆಗೆ ಉಳಿದ ಕುಟುಂಬಗಳ ಹಿನ್ನೆಲೆ ಇದು. ಗುಡ್ಡದ ಮೇಲಿನ ಎರಡು ಸೈಟು ಕೂಡಿಸಿ ಕಟ್ಟಿದ ದೊಡ್ಡ ಮನೆಗಳಲ್ಲಿ ಹಲವು ನಿಂತದ್ದು ಇಂಥ ಮಾರಾಟದ ಮೇಲೆ.

ಹೀಗೆ ಏರಿದವರು ಹಳೆ ಮನೆಯನ್ನು ಹಾಗೇ ಬಿಟ್ಟು ಬರಲಿಲ್ಲ. ಸಾಗವಾನಿಯ ತಲಬಾಗಿಲು, ಚೌಕಟ್ಟು, ಕೆತ್ತನೆಯ ಕಂಬ ಕಿತ್ತುಕೊಂಡು ಬಂದರು. ನವನಗರದ ಕೆಲವು ಮನೆಗಳ ಮುಂಬಾಗಿಲನ್ನು ಗಮನಿಸಿ ನೋಡಿ. ಹಳೆ ಚೌಕಟ್ಟಿನ ಎತ್ತರ ಐದೂವರೆ ಅಡಿ, ಹೊಸ ಲಿಂಟಲ್ ಏಳು ಅಡಿಗೆ ಇರುತ್ತದೆ. ನಡುವಿನ ಒಂದೂವರೆ ಅಡಿಯನ್ನು ಇಟ್ಟಿಗೆಯಿಂದ ತುಂಬಿರುತ್ತಾರೆ ಇಲ್ಲವೆ ಗಾಜಿನ ಕಿಟಕಿ ಕೂಡಿಸಿರುತ್ತಾರೆ. ಬಗ್ಗಿ ಒಳಬರುವ ಬಾಗಿಲು, ತಲೆಯೆತ್ತಿ ನೋಡುವ ಗೋಡೆ. ಎರಡೂ ಊರುಗಳು ಒಂದೇ ಚೌಕಟ್ಟಿನಲ್ಲಿ ನಿಂತದ್ದನ್ನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕಾಣುವುದು ಕಷ್ಟ.

ಎತ್ತರದ ಖರ್ಚು

ಗುಡ್ಡದ ಮೇಲಿನ ಬದುಕಿಗೆ ಒಂದು ಖಾಯಂ ಖರ್ಚಿದೆ. ಮೂರನೇ ಯೂನಿಟ್ಟಿಗೆ ಹೋಗುವವರು ಅದನ್ನು ಮೊದಲೇ ತಿಳಿದಿರಬೇಕು.

ನೀರಿನ ಮಾತು ಮೊದಲು. ಇಡೀ ಸೀಮೆ ಭೂವಿಜ್ಞಾನಿಗಳು ಕಲಾದಗಿ ಎಂದು ಕರೆಯುವ ಬಹಳ ಹಳೆಯ ಶಿಲಾಸ್ತರಗಳ ಮೇಲಿದೆ. ಅದರ ಒಂದು ಗುಂಪಿಗೆ ಬಾಗಲಕೋಟೆಯದೇ ಹೆಸರಿದೆ. ಸುಣ್ಣಕಲ್ಲು ಇರುವಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ಗುಡ್ಡದ ಬೆನ್ನಿನಲ್ಲಿ ಇರುವುದು ಬೆಣಚುಗಟ್ಟಿದ ಗಡಸು ಕಲ್ಲು. ಬಿರುಕು ಸಿಕ್ಕರೆ ಬೋರಿಗೆ ನೀರು, ಸಿಗದಿದ್ದರೆ ಬರೀ ಧೂಳು. ಹಾಗಾಗಿ ನೀರನ್ನು ನದಿಯಿಂದಲೇ ಎತ್ತಬೇಕು. ಒಂದು ಸಾವಿರ ಲೀಟರ್ ನೀರನ್ನು 50 ಮೀಟರ್ ಮೇಲೆತ್ತಲು, ಪಂಪು-ಮೋಟರಿನ ಒಟ್ಟು ದಕ್ಷತೆ ಶೇ. 65 ಎಂದು ಹಿಡಿದರೆ, ಸುಮಾರು 0.21 ಯೂನಿಟ್ ಕರೆಂಟು ಬೇಕು. ಒಂದು ಲಕ್ಷ ಜನಕ್ಕೆ ತಲಾ 135 ಲೀಟರಿನಂತೆ ಲೆಕ್ಕ ಹಾಕಿದರೆ ದಿನಕ್ಕೆ 2,800 ಯೂನಿಟ್. ಇದರಲ್ಲಿ ಪೈಪಿನ ಘರ್ಷಣೆ, ಶುದ್ಧೀಕರಣ, ಸೋರಿಕೆ ಸೇರಿಲ್ಲ. ಹಳೆ ಊರಿನ ಬಾವಿಗಳಿಗೆ ಈ ಬಿಲ್ಲು ಇರಲಿಲ್ಲ. ಪ್ರಾಧಿಕಾರದ ಅನುದಾನ ಇರುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿರ್ವಹಣೆ ನಗರಸಭೆಯ ಹೆಗಲಿಗೆ ಬಂದ ದಿನ ಕಾಣುತ್ತದೆ.

ಇಳಿಜಾರಿನ ಬಡಾವಣೆಯಲ್ಲಿ ಹಂಚಿಕೆಯೂ ತೊಡಕಿನದು. ಹತ್ತು ಮೀಟರ್ ಇಳಿದರೆ ನಳದ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋ ಏರುತ್ತದೆ. ಒಂದೇ ಟಾಕಿಯಿಂದ ಮೇಲಿನ ಮತ್ತು ಕೆಳಗಿನ ಸಾಲುಗಳಿಗೆ ಒಂದೇ ಪೈಪು ಎಳೆದರೆ ಕೆಳಗಿನ ಮನೆಯ ನಳ ಸಿಡಿಯುವಷ್ಟು ಜೋರು, ಮೇಲಿನ ಮನೆಗೆ ಬರೀ ಗಾಳಿ. ಮೇಲಿನವರು ನಳಕ್ಕೆ ನೇರವಾಗಿ ಮೋಟರು ಹಚ್ಚುತ್ತಾರೆ. ಅದು ಪೈಪಿನಲ್ಲಿ ಎಳೆತ ಹುಟ್ಟಿಸಿ, ಬಿರುಕಿದ್ದಲ್ಲಿ ಗಟಾರಿನ ನೀರನ್ನೂ ಒಳಗೆ ಸೆಳೆಯುತ್ತದೆ. ಮಳೆಗಾಲದ ವಾಂತಿ-ಭೇದಿಗೆ ಇದು ನೇರ ದಾರಿ. ಪರಿಹಾರ ಹೊಸದೇನಲ್ಲ. ಪ್ರತಿ 20-25 ಮೀಟರ್ ಎತ್ತರಕ್ಕೆ ಒಂದು ವಲಯ ಮಾಡಿ, ವಲಯಕ್ಕೊಂದು ಟಾಕಿ ಇಲ್ಲವೆ ಒತ್ತಡ ತಗ್ಗಿಸುವ ವಾಲ್ವು ಕೂಡಿಸಬೇಕು. ನಕ್ಷೆಯ ಹಂತದಲ್ಲೇ ಮಾಡಿದರೆ ಅಗ್ಗ, ರಸ್ತೆ ಡಾಂಬರಾದ ಮೇಲೆ ದುಬಾರಿ.

ಅಡಿಪಾಯದಲ್ಲೂ ಇಳಿಜಾರು ಮೋಸ ಮಾಡುತ್ತದೆ. ಗುಡ್ಡದ ಮೇಲೆ ಒಂದೂವರೆ ಅಡಿ ಅಗೆದರೆ ಗರಸು, ಅದರ ಕೆಳಗೆ ಕಲ್ಲು ಸಿಗುತ್ತದೆ. ಬುಡದ ಕಡೆ ಬಂದಂತೆ ಎರೆಮಣ್ಣು. ಎರಡಕ್ಕೂ ಒಂದೇ ಬಗೆಯ ಅಡಿಪಾಯ ಹಾಕುವಂತಿಲ್ಲ. ಸೈಟು ಸಮತಟ್ಟು ಮಾಡಲು ಮೇಲ್ಬದಿಯನ್ನು ಕಡಿದು ಕೆಳಬದಿಗೆ ಆ ಮಣ್ಣನ್ನೇ ಸುರಿಯುತ್ತಾರೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಬದಿ ಕುಸಿದು ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಸಿಮೆಂಟು ಬಳಿದು ಮುಚ್ಚಿದರೆ ಮರುವರ್ಷ ಅಲ್ಲೇ ಬಾಯಿ ಬಿಡುತ್ತದೆ. ಅಡಿಪಾಯವನ್ನು ಮೆಟ್ಟಿಲಿನ ಹಾಗೆ ಇಳಿಸಿ ಎಲ್ಲ ಕಂಬಗಳೂ ಅಸಲಿ ನೆಲ ಮುಟ್ಟುವಂತೆ ಮಾಡಬೇಕು. ತುಂಬುವುದೇ ಆದರೆ ಗರಸನ್ನು ಅರ್ಧ ಅಡಿಯ ಪದರ ಪದರವಾಗಿ, ನೀರು ಚಿಮುಕಿಸಿ, ದಮ್ಮಸು ಹಾಕಿ ತುಂಬಬೇಕು. ಕೆಳಬದಿಯ ತಡೆಗೋಡೆಯಲ್ಲಿ ಮಾಡುವ ತಪ್ಪು ಒಂದೇ, ನೀರು ಹೊರಹೋಗುವ ತೂತು ಬಿಡದಿರುವುದು. ಸುಮಾರು ಒಂದೂವರೆ ಮೀಟರಿಗೊಂದರಂತೆ ಮೂರು-ನಾಲ್ಕು ಇಂಚಿನ ಪೈಪು, ಗೋಡೆಯ ಹಿಂದೆ ಒಂದಡಿ ಜಲ್ಲಿಯ ಪದರ. ಇಷ್ಟಿಲ್ಲದಿದ್ದರೆ ಮಳೆನೀರು ಹಿಂದೆ ನಿಂತು ಗೋಡೆಯನ್ನು ಹೊಟ್ಟೆಯುಬ್ಬಿಸಿ ತಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟ ಪರಿಣಾಮ ಕೆಳಗಿನವರ ಮೇಲೆ. ಬಾಗಲಕೋಟೆಯಲ್ಲಿ ಮಳೆ ಕಡಿಮೆ, ಆದರೆ ಬಂದರೆ ಒಂದು ತಾಸಿನಲ್ಲಿ ಸುರಿದು ಹೋಗುತ್ತದೆ. ತಾಸಿಗೆ 50 ಮಿಲಿಮೀಟರ್ ಮಳೆ ಬಿದ್ದರೆ ಒಂದು ಹೆಕ್ಟೇರಿನ ಮೇಲೆ ಐದು ಲಕ್ಷ ಲೀಟರ್ ನೀರು. ಹುಲ್ಲು-ಕುರುಚಲು ಗುಡ್ಡ ಅದರಲ್ಲಿ ಒಂದು ಭಾಗವನ್ನಾದರೂ ಹಿಡಿಯುತ್ತಿತ್ತು. ತಾರಸಿ, ಕಾಂಕ್ರೀಟು, ಡಾಂಬರು ಏನನ್ನೂ ಹಿಡಿಯುವುದಿಲ್ಲ. ಹಲವರು ತಾರಸಿಯ ಪೈಪನ್ನು ಒಳಚರಂಡಿಗೆ ಜೋಡಿಸಿಬಿಡುತ್ತಾರೆ. ಮಲದ ನೀರಿಗೆಂದು ಲೆಕ್ಕ ಹಾಕಿದ ಪೈಪಿಗೆ ಮಳೆನೀರು ನುಗ್ಗಿದರೆ ತಗ್ಗಿನ ಮ್ಯಾನ್‌ಹೋಲಿನ ಮುಚ್ಚಳ ಎದ್ದು ಹೊಲಸು ಬೀದಿಗೆ ಬರುತ್ತದೆ. ಅದೇ ಹೊತ್ತಿಗೆ ಜಲಾಶಯ ತುಂಬಿದ್ದರೆ ಹಳೆ ಊರಿನ ಗಟಾರಿಗೆ ಹರಿಯಲು ಇಳಿಜಾರೇ ಇರುವುದಿಲ್ಲ. ಮೇಲಿನ ಸೌಕರ್ಯದ ಭಾರ ಕೆಳಗಿನವರು ಹೊರುವುದೆಂದರೆ ಇದೇ.

ಮೂರನೇ ಸುತ್ತು

ಈಗ ಜಲಾಶಯದ ಪೂರ್ಣಮಟ್ಟ 519.6 ಮೀಟರ್, ಸಂಗ್ರಹ 123 ಟಿಎಂಸಿ. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿದ್ದು ಈ ಮಟ್ಟವನ್ನು. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು, 2013ರ ನವೆಂಬರಿನಲ್ಲಿ ಅದನ್ನೇ ಖಚಿತಪಡಿಸಿತು. ಆ ತೀರ್ಪಿನ ಮೇಲೆ ರಾಜ್ಯಗಳ ತಕರಾರು ಸುಪ್ರೀಂ ಕೋರ್ಟಿನಲ್ಲಿ ಇರುವುದರಿಂದ ಕೇಂದ್ರದ ಗೆಜೆಟ್ ಅಧಿಸೂಚನೆ ನಿಂತಿದೆ. ಸಾಂಗ್ಲಿ, ಕೊಲ್ಹಾಪುರದ ನೆರೆಯ ಭಯ ಹೇಳಿ ಮಹಾರಾಷ್ಟ್ರವೂ ವಿರೋಧಿಸುತ್ತಿದೆ. ಈ ನಡುವೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿ ಎಂದು ನಿಗದಿ ಮಾಡಿತು. ಮುಳುಗುವ ಪಟ್ಟಿಯಲ್ಲಿ 20 ಹಳ್ಳಿಗಳ ಜೊತೆ ಬಾಗಲಕೋಟೆ ನಗರದ 11 ವಾರ್ಡುಗಳಿವೆ.

519.6ರಿಂದ 524.256ಕ್ಕೆ ವ್ಯತ್ಯಾಸ 4.656 ಮೀಟರ್, ಹದಿನೈದು ಅಡಿ. ಮನೆಯ ಲೆಕ್ಕದಲ್ಲಿ ಒಂದೂವರೆ ಅಂತಸ್ತು. ನೆಲ ಇನ್ನೂರು ಅಡಿಗೆ ಒಂದಡಿಯಂತೆ ಏರುವ ಕಡೆ ಈ ಎತ್ತರ ಎಂದರೆ ನೀರಿನ ಅಂಚು 900 ಮೀಟರಿಗೂ ಹೆಚ್ಚು ಒಳಬರುತ್ತದೆ. ಅಣೆಕಟ್ಟಿನಲ್ಲಿ 524 ಇದ್ದರೆ ಊರಿನಲ್ಲಿ 525ರವರೆಗೆ ಯಾಕೆ ಎಬ್ಬಿಸಬೇಕು ಎಂದು ಬಹಳ ಜನ ಕೇಳುತ್ತಾರೆ. ನಿಂತ ಕೆರೆಯ ನೀರು ಮಟ್ಟಸವಾಗಿರುತ್ತದೆ, ಹರಿಯುವ ನದಿಯದು ಹಾಗಿರುವುದಿಲ್ಲ. ಘಟಪ್ರಭೆ ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ಹಿನ್ನೀರು ತುಂಬಿ ನಿಂತಿರುವಾಗ ಮೇಲಿನಿಂದ ಹಿಡಕಲ್ ಜಲಾಶಯ ನೀರು ಬಿಟ್ಟರೆ, ಹೋಗಲು ಜಾಗವಿಲ್ಲದೆ ಹರಿವು ದಂಡೆಯ ಮೇಲೆ ಏರುತ್ತದೆ. ಹೂಳು ತುಂಬಿದಷ್ಟೂ ಈ ಏರಿಕೆ ಹೆಚ್ಚು. 2019ರ ಆಗಸ್ಟಿನ ನೆರೆಯನ್ನು ಕಂಡ ಜಿಲ್ಲೆಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೊದಲ ಸುತ್ತಿನಲ್ಲಿ 521 ಎಂದು ಗೆರೆ ಎಳೆದು, ತೇವ-ನೆರೆಯ ದೂರು ಬಂದ ಮೇಲೆ 523ಕ್ಕೆ ಬಂದದ್ದೇ ತಪ್ಪು. ಎರಡೆರಡು ಮೀಟರಿನಂತೆ ಊರನ್ನು ಕೊಯ್ದರೆ ಪ್ರತಿ ಸಲವೂ ಗೆರೆಯ ಪಕ್ಕದ ಮನೆ ಅನಾಥವಾಗುತ್ತದೆ. ಎದುರು ಮನೆ ನೆಲಸಮ, ಬೀದಿದೀಪ ಇಲ್ಲ, ಮನೆ ರಿಪೇರಿಗೆ ಸಾಲ ಹುಟ್ಟುವುದಿಲ್ಲ, ಹೇಗೂ ಮುಳುಗುವ ಮನೆ ಎಂದು ಮೇಲ್ಮುದ್ದಿಗೆ ಮಣ್ಣು ಹಾಕುವುದನ್ನೂ ಬಿಡುತ್ತಾರೆ. ಹತ್ತಾರು ವರ್ಷ ಹೀಗೆ ಕಾಯುವುದು ಮುಳುಗುವುದಕ್ಕಿಂತ ಕಡಿಮೆ ನಷ್ಟವೇನಲ್ಲ.

ಮೂರನೇ ಸುತ್ತಿನ ದೊಡ್ಡ ಪ್ರಶ್ನೆ ಬಾಡಿಗೆದಾರರದು ಮತ್ತು ಪೇಟೆಯದು. ಈಗ ಎಕರೆಯ ದರದ ಬಗ್ಗೆ ನಡೆಯುತ್ತಿರುವ ಚರ್ಚೆಯಲ್ಲಿ ಇವರಿಬ್ಬರ ಹೆಸರೇ ಬರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಹಳೆಯದಕ್ಕಿಂತ ಇಲ್ಲಿ ಉದಾರವಾಗಿದೆ. ಅದರ ಎರಡನೇ ಅನುಸೂಚಿಯ ಪ್ರಕಾರ ನಗರದಲ್ಲಿ ಮನೆ ಕಳೆದುಕೊಂಡವರಿಗೆ ಕನಿಷ್ಠ 50 ಚದರ ಮೀಟರ್ ತಳವಿಸ್ತೀರ್ಣದ ಕಟ್ಟಿದ ಮನೆ ಕೊಡಬೇಕು, ಮನೆ ಬೇಡವೆಂದರೆ 1,50,000 ರೂಪಾಯಿಗೆ ಕಡಿಮೆಯಾಗದ ಹಣ. ಸ್ವಂತ ನಿವೇಶನ ಇಲ್ಲದೆ, ಅಧಿಸೂಚನೆಗೆ ಹಿಂದಿನ ಮೂರು ವರ್ಷ ಸತತವಾಗಿ ಅಲ್ಲಿ ವಾಸವಿದ್ದು ಬಲವಂತವಾಗಿ ಏಳಬೇಕಾದ ಕುಟುಂಬಕ್ಕೂ ಇದು ಅನ್ವಯ. ಇದರ ಮೇಲೆ ಒಂದು ವರ್ಷ ತಿಂಗಳಿಗೆ 3,000 ಜೀವನಭತ್ಯೆ, ಸಾಮಾನು ಸಾಗಣೆಗೆ 50,000, ಒಂದು ಸಲದ ಪುನರ್ವಸತಿ ಭತ್ಯೆ 50,000, ಕುಶಲಕರ್ಮಿ ಮತ್ತು ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿ. ಮೂರನೇ ಅನುಸೂಚಿ ಹೊಸ ಬಡಾವಣೆಯಲ್ಲಿ ರಸ್ತೆ, ನೀರು, ಚರಂಡಿ, ಶಾಲೆ, ಸ್ಮಶಾನದವರೆಗೆ ಏನೇನು ಇರಬೇಕೆಂದು ಪಟ್ಟಿ ಕೊಡುತ್ತದೆ. ಕಾನೂನು ಇಷ್ಟು ಹೇಳಿದರೂ ಹಕ್ಕು ನಿಲ್ಲುವುದು ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಬಂದಾಗ ಮಾತ್ರ.

ಸಮೀಕ್ಷೆಯಲ್ಲಿ ತಪ್ಪುವುದು ಎಲ್ಲೆಲ್ಲಿ ಎಂದು ಹಿಂದಿನ ಸುತ್ತುಗಳು ತೋರಿಸಿಕೊಟ್ಟಿವೆ. ಜಂಟಿ ಅಳತೆಗೆ ಬಂದಾಗ ಎಂಜಿನಿಯರು ತಳವಿಸ್ತೀರ್ಣ ಬರೆದುಕೊಂಡು ಹೋಗುತ್ತಾನೆ. ಗೋಡೆಯ ದಪ್ಪ, ಮಾಳಿಗೆಯ ತೊಲೆ-ಜಂತಿಯ ಎಣಿಕೆ, ಪರಸಿ ಹಾಸಿದ ನೆಲ, ಬಾವಿ, ಹಗೇವು, ಮುಂದಿನ ಕಟ್ಟೆ, ಹಿತ್ತಲಿನ ಮರ ಬಿಟ್ಟುಹೋಗುತ್ತವೆ. ಅಳತೆಯ ಪ್ರತಿ ಓದದೆ ಸಹಿ ಹಾಕಬಾರದು. ಬಿಟ್ಟುಹೋದದ್ದನ್ನು ಅಲ್ಲೇ, ಅದೇ ಹಾಳೆಯಲ್ಲಿ ಬರೆಸಬೇಕು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣ-ತಮ್ಮಂದಿರನ್ನು ಒಂದೇ ಕುಟುಂಬವೆಂದು ಬರೆದರೆ ಒಂದೇ ಸೈಟು ಬರುತ್ತದೆ. ಉತಾರಿಯಲ್ಲಿ ಸತ್ತವರ ಹೆಸರಿದ್ದರೆ ವಾರಸಾ ನೋಂದಣಿಯನ್ನು ಈಗಲೇ ಮಾಡಿಸಬೇಕು. ತಕರಾರಿದ್ದ ಹಣ ಇಂದೂ 2013ರ ಕಾಯ್ದೆಯಡಿಯ ಭೂಸ್ವಾಧೀನ ಪ್ರಾಧಿಕಾರದಲ್ಲಿ (ಬಿಟಿಡಿಎ ಅಲ್ಲ) ಠೇವಣಿಯಾಗಿ ಕೂರುತ್ತದೆ. ಒಪ್ಪಂದದ ಅವಾರ್ಡಿಗೆ ಸಹಿ ಹಾಕಿದವರು ಮುಂದೆ ಬೆಲೆ ಹೆಚ್ಚಿಸಿ ಎಂದು ಕೋರ್ಟಿಗೆ ಹೋಗುವ ದಾರಿಯನ್ನು ಸಾಮಾನ್ಯವಾಗಿ ಬಿಟ್ಟುಕೊಟ್ಟಂತೆ. ಹಣ ಬೇಗ ಬರುತ್ತದೆ ಎಂಬುದು ಅದರ ಲಾಭ. ಎರಡನ್ನೂ ತೂಗಿ ನೋಡಿಯೇ ನಿರ್ಧರಿಸಬೇಕು.

ಪೇಟೆಯ ವಿಷಯದಲ್ಲಿ ಬಿಟಿಡಿಎ ಧೈರ್ಯ ತೋರಬೇಕು. ಇಷ್ಟು ವರ್ಷ ಆದರೂ ವಲ್ಲಭಭಾಯಿ ಚೌಕದ ಸುತ್ತಲಿನ ವಹಿವಾಟು ಮೇಲೆ ಬಂದಿಲ್ಲ. ಮದುವೆಯ ಜವಳಿ, ಬಂಗಾರ, ಪಾತ್ರೆಗೆ ನವನಗರದವರೂ ಕೆಳಗೇ ಇಳಿಯುತ್ತಾರೆ. ಬಂಗಾರದ ಅಂಗಡಿಗೆ ಪಕ್ಕದಲ್ಲಿ ಆಭರಣ ಪೋಣಿಸುವ ಪಟ್ಟೆಗಾರ ಬೇಕು, ಜವಳಿ ಅಂಗಡಿಗೆ ದರ್ಜಿ ಬೇಕು, ಇಬ್ಬರಿಗೂ ಚಹಾದ ಹುಡುಗ ಬೇಕು. ಒಬ್ಬೊಬ್ಬರಿಗೆ ಒಂದೊಂದು ಸೆಕ್ಟರಿನಲ್ಲಿ ಮಳಿಗೆ ಕೊಟ್ಟರೆ ಯಾರಿಗೂ ಗಿರಾಕಿ ಇಲ್ಲ. ಮೂರನೇ ಯೂನಿಟ್ಟಿನಲ್ಲಿ ಮೊದಲು ಏಳಬೇಕಾದದ್ದು ಒಂದು ಪೇಟೆಬೀದಿ. ಈಗಿನ ಅಂಗಡಿಗಳ ಸರದಿಯನ್ನು ಹಾಗೇ ಇಟ್ಟು, ಮಾಲಕನಿಗೆ ಕಟ್ಟಡದ ಹಕ್ಕು, ಹತ್ತಾರು ವರ್ಷದಿಂದ ಬಾಡಿಗೆಗಿರುವ ವ್ಯಾಪಾರಿಗೆ ಅದರಲ್ಲೇ ಕೂರುವ ಹಕ್ಕು ಕೊಟ್ಟು, ಮೇಲೆ ಮನೆ ಕೆಳಗೆ ಅಂಗಡಿ ಎಂಬಂತೆ. ರಸ್ತೆ ಅರವತ್ತು ಅಡಿ ಬೇಡ, ಇಪ್ಪತ್ತೈದು-ಮೂವತ್ತು ಸಾಕು. ಒಂದು ಬದಿಯ ನೆರಳು ಇನ್ನೊಂದು ಬದಿಯನ್ನು ಮುಟ್ಟಬೇಕು. ಮನೆಗಳ ಸೈಟನ್ನೂ ಅಳತೆವಾರು ಹಂಚುವುದನ್ನು ಬಿಟ್ಟು ಓಣಿವಾರು ಹಂಚಬಹುದು. ಒಂದು ಓಣಿಯ ದೊಡ್ಡ, ನಡುವಣ, ಸಣ್ಣ ಸೈಟುಗಳು ಒಂದೇ ತುಂಡಿನಲ್ಲಿ ಬರುವಂತೆ ನಕ್ಷೆ ಹಾಕಲು ಸರ್ವೆಯವರಿಗೆ ಒಂದಿಷ್ಟು ಹೆಚ್ಚಿನ ಕೆಲಸ ಅಷ್ಟೇ.

ಹಳೆ ಊರಿನಲ್ಲಿ ಬಾಡಿಗೆಗೆ ಇರುವವರು ಇದಾವುದಕ್ಕೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಮೂರು ವರ್ಷದ ವಾಸ ಸಾಬೀತು ಮಾಡುವುದು ಅವರ ಹೊಣೆ. ಬಾಡಿಗೆಯನ್ನು ಕೈಯಲ್ಲಿ ನಗದು ಕೊಟ್ಟು ಸುಮ್ಮನಾಗುವ ರೂಢಿ ಇಲ್ಲಿ ಹೆಚ್ಚು. ಅದರ ಬದಲು ಬ್ಯಾಂಕಿನಿಂದ ಇಲ್ಲವೆ ಫೋನಿನಿಂದ ಹಾಕಬೇಕು, ಅದಾಗದಿದ್ದರೆ ತಿಂಗಳು ತಿಂಗಳು ಸಹಿ ಹಾಕಿಸಿದ ಚೀಟಿಯನ್ನಾದರೂ ಇಟ್ಟುಕೊಳ್ಳಬೇಕು. ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲೆ, ಗ್ಯಾಸಿನ ಪುಸ್ತಕ ನಾಲ್ಕರಲ್ಲೂ ಈಗಿನ ಓಣಿಯ ವಿಳಾಸವೇ ಇರುವಂತೆ ತಿದ್ದಿಸಿ, ಒಂದು ಪ್ರತಿಯನ್ನು ಮೇಲಿನ ಊರಿನ ನಂಟರ ಮನೆಯಲ್ಲಿ ಇಡುವುದು ಒಳ್ಳೆಯದು. ಹಳೆ ಊರಿನ ಗೋಡೆಗಳಲ್ಲಿ ಈಗಾಗಲೇ ತೇವ ಇದೆ, ಗೂಡಿನಲ್ಲಿಟ್ಟ ಕಾಗದ ಬಾಳುವುದಿಲ್ಲ.